ಅಕ್ಕ ಇಲ್ಲದ ಕಾರ್ಖಾನೆ

ಅಪ್ಪ ಹೋದಮೇಲೆ ಚೀಲದ ಕಾರ್ಖಾನೆಯನ್ನು ಎತ್ತಿ ನಿಲ್ಲಿಸಿದವಳು ಅಕ್ಕ. ಕ್ಯಾನ್ವಾಸ್ ಆರಿಸುವುದು, ಹೊಸ ಮಾದರಿ ಕತ್ತರಿಸುವುದು, ಮುನಿಸಿಕೊಂಡ ಗಿರಾಕಿಯನ್ನು ಸಮಾಧಾನ ಮಾಡುವುದು, ಎಲ್ಲ ಅವಳದೇ. ಅವಳ ತಮ್ಮ ಊರೂರು ಸುತ್ತಿ ಆರ್ಡರ್ ತರುತ್ತಿದ್ದ. ಇಬ್ಬರದೂ ಸಮಪಾಲು. ಅವಳ ಮಂಡಿನೋವು ಜಾಸ್ತಿಯಾದಾಗ ಮಾರಿಬಿಡೋಣ ಎಂದು ಇಬ್ಬರೂ ಒಪ್ಪಿದರು.

ಒಳ್ಳೆಯ ಬೆಲೆ ಬರಲಿ ಎಂದು ತಮ್ಮನು ಒಬ್ಬ ಸಲಹೆಗಾರನನ್ನು ಕರೆತಂದ. ಒಂದು ಸುಕ್ಕೂ ಇಲ್ಲದ ಅವನ ಅಂಗಿ ನೋಡಿ ಹೊಲಿಗೆಯವರು ‘ಇಸ್ತ್ರಿ ಸಾಹೇಬ’ ಎಂದು ಹೆಸರಿಟ್ಟರು. ಗೋಡೆಗೆ ಬಣ್ಣ ಬಂತು, ಮೂಲೆಯ ತುಂಡುಬಟ್ಟೆಯ ರಾಶಿ ಹೋಯಿತು. ಅಕ್ಕನಿಗೂ ಖುಷಿಯೇ.

ಕೊಳ್ಳುವವರು ಬರುವ ಹಿಂದಿನ ದಿನ ತಮ್ಮನು ತಲೆ ತುರಿಸಿಕೊಂಡ. “ಅಕ್ಕ, ನಾಳೆ ನೀನು ಮನೇಲೇ ಇರು.”

“ಯಾಕೋ?”

“ಎಲ್ಲಾ ನಿನ್ನ ಮೇಲೇ ನಿಂತಿದೆ ಅಂತ ಗೊತ್ತಾದ್ರೆ ಬೆಲೆ ಇಳಿಸ್ತಾರಂತೆ. ನೀನು ಕೆಲಸ ಬಿಟ್ಟು ವರ್ಷ ಆಯ್ತು ಅಂತ ಹೇಳ್ತೀವಿ.”

ಅಕ್ಕನಿಗೆ ಮೈಯೆಲ್ಲ ಉರಿಯಿತು. “ಇದ್ದೋಳನ್ನ ಇಲ್ಲ ಅನ್ನಿಸೋಕೆ ಆ ಇಸ್ತ್ರಿಗೆ ಸಂಬಳ ಬೇರೆ ಕೊಡ್ತಿದ್ದೀಯಾ?”

ಮರುದಿನ ಅವಳು ಹೋದಳು, ಮುಂಬಾಗಿಲಿಂದಲೇ. ಅವಳ ಮೇಜಿನ ಜಾಗದಲ್ಲಿ ಹೂಕುಂಡ ಕೂತಿತ್ತು. ಕೊಳ್ಳಲು ಬಂದಿದ್ದ ಹೆಂಗಸು ಬಟ್ಟೆ ಕತ್ತರಿಸುವವನನ್ನು ಕೇಳುತ್ತಿದ್ದಳು: “ಮಾದರಿ ಯಾರು ಮಾಡೋದು?”

“ಎಲ್ಲರೂ ಸೇರಿ, ಮೇಡಂ,” ಎಂದು ಬಾಯಿಪಾಠ ಒಪ್ಪಿಸಿದವನು ಬಾಗಿಲಲ್ಲಿ ಅಕ್ಕನನ್ನು ಕಂಡು ತಲೆ ತಗ್ಗಿಸಿದ.

“ನಾನು ಮಾಡೋದು,” ಅಂದಳು ಅಕ್ಕ. “ನಿನ್ನೆ ಸಂಜೆವರೆಗೂ ಮಾಡಿದೀನಿ. ಪಾಪ, ಇವನ ಬಾಯಿಗೆ ಸುಳ್ಳು ತುರುಕಿದ್ದು ಅಲ್ಲಿ ನಿಂತಿರೋ ಇಬ್ಬರು.”

ಇಸ್ತ್ರಿ ಸಾಹೇಬ ಹಲ್ಲು ಕಿರಿದ. “ಇವರು ಸ್ವಲ್ಪ ಭಾವುಕರು...”

“ಬಾಯ್ಮುಚ್ಚು! ಬೇರೆಯವರಿಗೆ ಕಲಿಸಿಕೊಡಿ ಅಂದಿದ್ರೆ ಕಲಿಸ್ತಿದ್ದೆ. ಒಬ್ಬರಾದ್ರೂ ಕೇಳಿದ್ರಾ? ಕಲಿಯೋದಕ್ಕಿಂತ ನನ್ನ ಹೆಸರು ಅಳಿಸೋದು ಸುಲಭ ಅಲ್ವಾ?”

ಆ ಹೆಂಗಸು ಕೈಯಲ್ಲಿದ್ದ ಚೀಲವನ್ನು ಕೆಳಗಿಟ್ಟಳು. “ಕಲಿಸಿ ಮುಗಿದ ಮೇಲೆ ಕರೀರಿ. ಬರ್ತೀನಿ,” ಎಂದು ಹೊರಟುಹೋದಳು.

“ಮನೆ ಮುಳುಗಿಸಿದೆ!” ಎಂದು ತಮ್ಮ ಕೂಗಾಡಿದ. ಅಕ್ಕ ಜಗ್ಗಲಿಲ್ಲ. ಇಸ್ತ್ರಿ ಸಾಹೇಬನನ್ನು ಅವತ್ತೇ ಗೇಟು ದಾಟಿಸಿದಳು. ಮಂಡಿಗೆ ಪಟ್ಟಿ ಬಿಗಿದುಕೊಂಡು, ಕತ್ತರಿಸುವವನಿಗೂ ಹೊಲಿಯುವ ಹೆಂಗಸರಿಗೂ ಮಾದರಿ ಕೆಲಸ ಕಲಿಸಿದಳು. ಅವರು ತಪ್ಪಿದರೆ ಬೈದಳು, ತಮ್ಮನು ಎದುರು ಬಂದರೆ ಮುಖ ತಿರುಗಿಸಿದಳು.

ಮುಂದಿನ ವರ್ಷ ಕಾರ್ಖಾನೆ ಅದೇ ಹೆಂಗಸಿಗೆ ಮಾರಿಹೋಯಿತು, ಇಸ್ತ್ರಿ ಸಾಹೇಬ ಆಸೆ ತೋರಿಸಿದ್ದಕ್ಕಿಂತ ಹೆಚ್ಚಿನ ಬೆಲೆಗೆ. ತಮ್ಮನ ಮುಖ ಅರಳಿತ್ತು. “ನೋಡಿದ್ಯಾ ಅಕ್ಕ, ಕೊನೆಗೆ ಎಲ್ಲಾ ಒಳ್ಳೇದೇ ಆಯ್ತು.”

“ಬೆಲೆ ಒಳ್ಳೇದಾಯ್ತು,” ಅಂದಳು ಅಕ್ಕ. “ನೀನು ಅವತ್ತು ‘ಮನೇಲೇ ಇರು’ ಅಂತ ಆಡಿದ ಮಾತು ಮಾತ್ರ ಹಾಗೇ ಉಳೀತು.”

ಮಾರಾಟದ ಪತ್ರಕ್ಕೆ ಸಹಿ ಹಾಕಿ, ಅವನಿಗಾಗಿ ಕಾಯದೆ ಆಟೋ ಹತ್ತಿದಳು.