ತಗ್ಗಿಸಿ ಹಾಕಿದ ಕನ್ನಡಿ

ಆ ಕನ್ನಡಿಯಲ್ಲಿ ದೊಡ್ಡವರಿಗೆ ತಲೆ ಇರುತ್ತಿರಲಿಲ್ಲ. ನೆಲದಿಂದ ಗೇಣೆತ್ತರಕ್ಕೆ ತಗ್ಗಿಸಿ ಹಾಕಿದ್ದ ಉದ್ದನೆಯ ಕನ್ನಡಿ ಅದು. ನಿಂತವರಿಗೆ ತಮ್ಮ ಹೊಟ್ಟೆ, ಸೆರಗಿನ ತುದಿ, ಕೈಚೀಲ, ಇಷ್ಟೇ ಕಾಣುತ್ತಿತ್ತು. ಮುಖ ನೋಡಿಕೊಳ್ಳಬೇಕೆಂದರೆ ನೆಲದ ಮೇಲೆ ಕೂರಬೇಕು. ನಾವು ಬಾಡಿಗೆಗೆ ಹಿಡಿದ ಕೋಣೆ ಮೊದಲು ಕಟಿಂಗ್ ಶಾಪ್ ಆಗಿತ್ತು. ಕನ್ನಡಿ ಅವರು ಬಿಟ್ಟುಹೋದದ್ದು. ಇಂದುಮತಿ ಮೊದಲ ದಿನವೇ ಬಡಗಿಯನ್ನು ಕರೆಸಿ ಅದನ್ನು ಕೆಳಗಿಳಿಸಿದಳು.

"ಮಕ್ಕಳು ಮಾತಾಡುವಾಗ ತಮ್ಮ ಬಾಯಿ ತಾವೇ ನೋಡ್ಕೋಬೇಕು. ದೊಡ್ಡೋರ ಮುಖ ಕಟ್ಕೊಂಡು ನಮಗೇನಾಗಬೇಕು?" ಎಂದಳು.

ಮಾತು ತಡವಾದ, ತೊದಲುವ ಮಕ್ಕಳಿಗೆ ಮಾತು ಕಲಿಸುವುದು ಇಂದುಮತಿಯ ಕಸುಬು. ಬಲವಿಲ್ಲದ ಎಳೆಯ ಕೈಕಾಲುಗಳಿಗೆ ವ್ಯಾಯಾಮ ಮಾಡಿಸುವುದು ನನ್ನದು. ಇಬ್ಬರೂ ಒಂದೇ ಆಸ್ಪತ್ರೆಯಲ್ಲಿದ್ದೆವು. ಅಲ್ಲಿ ಒಂದು ಮಗು ಚಪ್ಪಲಿ ಬಿಡುವಷ್ಟರಲ್ಲಿ ಇನ್ನೊಂದು ಮಗುವಿನ ಹೆಸರು ಕೂಗುತ್ತಿದ್ದರು. ಅದು ಸಾಕಾಗಿ ನಮ್ಮದೇ ಒಂದು ಜಾಗ ಮಾಡಿಕೊಂಡೆವು. ಊರಿಗೆ ನಮ್ಮ ಕೆಲಸವೇ ತಲೆಗೆ ಹತ್ತಲಿಲ್ಲ. ಶುರುವಿನಲ್ಲಿ ಬಂದವರೆಲ್ಲ ಕ್ಷೌರಕ್ಕೆ ಬಂದವರೇ. ಪಕ್ಕದ ಸೈಕಲ್ ಶಾಪಿನವನಂತೂ ನಮ್ಮ ಬೋರ್ಡು ನೋಡಿ, "ಮಾತು ಕಲ್ಸಕ್ಕೂ ಅಂಗಡಿ ಇಟ್ಟವ್ರೆ. ಮಾತು ನಿಲ್ಸೋ ಅಂಗಡಿ ಎಲ್ಲಾದ್ರೂ ಇದ್ರೆ ಯೋಳಿ, ನಮ್ಮನೆಯೋಳನ್ನ ಕರ್ಕೊಂಡು ಹೋಗ್ಬೇಕು" ಎಂದು ದಿನಾ ನಗಾಡುತ್ತಿದ್ದ. ನಾನು ವ್ಯಾಯಾಮದ ರಬ್ಬರ್ ಚೆಂಡುಗಳಿಗೆ ಗಾಳಿ ತುಂಬುತ್ತ, ಇಂದುಮತಿ ಬಾಗಿಲ ಕಡೆ ನೋಡುತ್ತ ಎಷ್ಟೋ ಬೆಳಿಗ್ಗೆಗಳನ್ನು ಕಳೆದೆವು. ಆಮೇಲೆ ಒಂದೊಂದಾಗಿ ಮಕ್ಕಳು ಬಂದವು.

ಇಂದುಮತಿಯದು ಒಂದು ಕ್ರಮವಿತ್ತು. ಮಗುವಿನ ಜೊತೆ ಮನೆಯವರು ಒಬ್ಬರು ಒಳಗೇ ಕೂರಬೇಕು. ಮಗುವಿನ ಬದಲು ಅವರು ಬಾಯಿ ಹಾಕಬಾರದು. ಮನೆಯಲ್ಲೂ ಅಷ್ಟೆ: ಮಗು ಕೈ ತೋರಿಸಿದರೆ ಮುಖ ತಿರುಗಿಸಿಕೊಳ್ಳಬೇಕು, ಬಾಯಿ ಬಿಟ್ಟು ಕೇಳಿದರೆ ಮಾತ್ರ ಕೊಡಬೇಕು. ಈ ಕ್ರಮದಿಂದ ಮಾತು ಬಂದ ಮಕ್ಕಳನ್ನು ನಾನೇ ಕಂಡಿದ್ದೆ. ಹಾಗಾಗಿ ಅದರ ಮೇಲೆ ಅವಳಿಗಿದ್ದ ನಂಬಿಕೆಯನ್ನು ತಪ್ಪೆನ್ನಲಾರೆ.

ದೊಡ್ಡತಾಯಮ್ಮ ಮೊಮ್ಮಗಳು ಸೇವಂತಿಯನ್ನು ಸೊಂಟಕ್ಕೆ ಏರಿಸಿಕೊಂಡು ಬಂದದ್ದು ಬೇಸಿಗೆಯ ಶುರುವಿಗೆ. ನಡೆಯಬಲ್ಲ ಮಗುವನ್ನು ಯಾಕೆ ಎತ್ತಿಕೊಂಡಿದ್ದಾರೋ ಎಂದುಕೊಂಡೆ. ಹೆತ್ತವಳು ಹೆರಿಗೆಯಲ್ಲೇ ತೀರಿಕೊಂಡಿದ್ದಳು. ತಂದೆ ಶಿವನಂಜ ದೂರದ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ, ಹಬ್ಬಕ್ಕೋ ಹುಣ್ಣಿಮೆಗೋ ಬಂದುಹೋಗುತ್ತಿದ್ದ. ಮನೆಯಲ್ಲಿ ಅಜ್ಜಿ, ಮೊಮ್ಮಗಳು ಇಬ್ಬರೇ. ಮಗುವಿನ ಕಿವಿ ಚೆನ್ನಾಗಿದೆ ಎಂದು ಆಸ್ಪತ್ರೆಯವರು ಹೇಳಿ ಕಳಿಸಿದ್ದರು. ಹೇಳಿದ್ದೆಲ್ಲ ಅದಕ್ಕೆ ತಿಳಿಯುತ್ತಿತ್ತು. ಬಾಯಿ ಮಾತ್ರ ಬಿಡುತ್ತಿರಲಿಲ್ಲ.

"ಬಾಯಿ ಬಿಡಾಕಿಲ್ಲ ಕಣವ್ವ. ಕೇರಿಯೋರೆಲ್ಲ ಮೂಗಿ ಅಂತಾರೆ. ನನ್ ಮಗ ಮೂಗ್ರ ಇಸ್ಕೂಲಿಗೆ ಸೇರುಸ್ತೀನಿ ಅಂತ ಕುಂತವ್ನೆ, ಅಲ್ಲೇ ಇರ್ಬೇಕಂತೆ, ಊಟ ತಿಂಡಿ ಎಲ್ಲಾ ಅಲ್ಲೇ ಅಂತೆ. ಇಸ್ಕೂಲು ತೆರೆಯೋ ಹೊತ್ಗೆ ಬತ್ತಾನೆ. ಅಷ್ಟರೊಳಗೆ ಇವಳು ಒಂದು ಮಾತಾಡಿಬಿಟ್ರೆ ನನ್ ಮಡ್ಲಲ್ಲೇ ಉಳೀತಾಳೆ. ಇಲ್ದಿದ್ರೆ ನಾನಿದ್ದೇನು ಬಂತು, ಯೋಳು."

ಇಷ್ಟನ್ನೂ ಆಕೆ ಒಂದೇ ಉಸಿರಿಗೆ ಹೇಳಿದರು. ಉಸಿರು ಬಿಟ್ಟು ಮತ್ತೆ ಶುರು ಮಾಡಿದರು. ಬಾಯಿಗೆ ಬಿಡುವೇ ಇರಲಿಲ್ಲ. ಇಂದುಮತಿ ಏನಾದರೂ ಕೇಳಬೇಕೆಂದು ಬಾಯಿ ತೆರೆದರೆ, ಅದಕ್ಕೆ ಮೊದಲೇ ಇನ್ಯಾವುದೋ ಸುದ್ದಿ ತೆಗೆಯುತ್ತಿದ್ದರು. ಮಗು ಮೂಗು ಮುಟ್ಟಿಕೊಂಡರೆ ಕರವಸ್ತ್ರ, ಕೈ ಮಡಿಸಿದರೆ ನೀರು, ಕತ್ತು ಓರೆ ಮಾಡಿದರೆ ತೊಡೆ. ಎಲ್ಲವೂ ಕೇಳುವ ಮುಂಚೆಯೇ ಒದಗುತ್ತಿತ್ತು.

ಅವರು ಹೋದ ಮೇಲೆ ಇಂದುಮತಿ ನಕ್ಕಳು. "ಗೊತ್ತಾಯ್ತು ಬಿಡು. ಆ ಮಗೂಗೆ ಮಾತಾಡೋದಕ್ಕೆ ಸಂದಿ ಎಲ್ಲಿದೆ? ಅಜ್ಜಿ ಬಾಯಿ ಮುಚ್ಚಿದ ದಿನ ಅದು ಬಾಯಿ ತೆರೆಯುತ್ತೆ."

ನನಗೂ ಹಾಗೇ ಅನ್ನಿಸಿತು. ಮುಂದಿನ ಸಲ ಅವಳು ದೊಡ್ಡತಾಯಮ್ಮನನ್ನು ಎದುರಿಗೆ ಕೂರಿಸಿಕೊಂಡು, ಕೈ ಹಿಡಿದು, ನಿಧಾನವಾಗಿ ತನ್ನ ಕ್ರಮವನ್ನು ವಿವರಿಸಿದಳು. ಆಕೆ ರೆಪ್ಪೆ ಬಡಿಯದೆ ಇಂದುಮತಿಯ ಮುಖವನ್ನೇ ನೋಡುತ್ತ, ಪ್ರತಿ ಮಾತಿಗೂ ತಲೆಯಾಡಿಸಿದರು. ಇಷ್ಟು ಶ್ರದ್ಧೆಯಿಂದ ಕೇಳುವವರು ಸಿಕ್ಕಿದರಲ್ಲ ಎಂದು ನಮಗೆ ಸಂತೋಷವೇ ಆಯಿತು.

ವಾರಗಳು ಕಳೆದವು. ಸೇವಂತಿ ಬಾಯಿ ಬಿಡಲಿಲ್ಲ. ಬರಬರುತ್ತ ಮಂಕಾದಳು. ಕನ್ನಡಿಯ ಮುಂದೆ ಅಜ್ಜಿಯ ಪಕ್ಕದಲ್ಲಿ ಕುಳಿತು, ತನ್ನ ಮುಖ ಬಿಟ್ಟು ಅಜ್ಜಿಯ ಮುಖವನ್ನೇ ನೋಡುತ್ತಿದ್ದಳು. ಅಜ್ಜಿ ಕನ್ನಡಿಯಲ್ಲಿ ನಮ್ಮೆಲ್ಲರ ಮುಖ ನೋಡುತ್ತಿದ್ದರು. ಇಸ್ಕೂಲು ತೆರೆಯುವ ದಿನ ಹತ್ತಿರವಾಗುತ್ತಿತ್ತು. ಅದರ ಮಾತು ಬಂದಾಗೆಲ್ಲ ಆಕೆಯ ಕೈ ತಾನಾಗಿ ಮಗುವಿನ ತಲೆಯ ಮೇಲೆ ಹೋಗುತ್ತಿತ್ತು.

ಒಂದು ಬೆಳಿಗ್ಗೆ ಸೇವಂತಿಗೆ ನನ್ನ ಚೆಂಡು ತಗುಲಿ ಆಯತಪ್ಪಿತು. "ಆ" ಎಂದು ಸಣ್ಣಗೆ ಕೂಗಿದಳು. ಆ ಸದ್ದಿಗೆ ಇಂದುಮತಿ ಕೈಯಲ್ಲಿದ್ದುದನ್ನು ಕೆಳಗಿಟ್ಟು ತಿರುಗಿದಳು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಗಂಟಲ ಮೇಲೆ ಬೆರಳಿಟ್ಟಳು, ಇನ್ನೊಮ್ಮೆ "ಆ" ಅನ್ನಿಸಿದಳು. ದನಿ ಪೂರಾ ಒಡೆದಿತ್ತು. ಸಂತೆಯಲ್ಲಿ ದಿನವಿಡೀ ಕೂಗಿ ಮಾರುವವರ ಗಂಟಲು ಕಟ್ಟುತ್ತದಲ್ಲ, ಹಾಗೆ.

"ನೆಗಡಿ ಇರಬೇಕು" ಎಂದೆ.

"ಅಲ್ಲ" ಎಂದಳು. "ಇದು ಕೂಗಿ ಕೂಗಿ ಕಟ್ಟಿರೋ ಗಂಟಲು. ಮಾತೇ ಆಡದ ಮಗು ಯಾರನ್ನ ಕೂಗಿದೆ?"

ಮಗುವನ್ನು ಅಜ್ಜಿಯ ಹತ್ತಿರ ಕಳಿಸಿದಳು. ಆಮೇಲೆ ಎದ್ದು, ಮೂಲೆಯಲ್ಲಿದ್ದ ಟವೆಲ್ಲನ್ನು ತೆಗೆದು ಕನ್ನಡಿಯ ಮೇಲೆ ಇಳಿಬಿಟ್ಟಳು. ದೊಡ್ಡತಾಯಮ್ಮ ನಮಗೆ ಬೆನ್ನು ಮಾಡಿ ಕುಳಿತು ಮೊಮ್ಮಗಳ ಜಡೆ ಬಿಚ್ಚಿ ಹೆಣೆಯುತ್ತಿದ್ದರು. ಇಂದುಮತಿ ಅವರ ಹಿಂದೆ ನಿಂತು, ಎಂದಿನ ದನಿಯಲ್ಲಿ ಹೇಳಿದಳು: "ದೊಡ್ಡತಾಯಮ್ಮನೋರೇ, ಸೇವಂತಿಯನ್ನ ಇವತ್ತೇ ಆ ಸ್ಕೂಲಿಗೆ ಕಳಿಸಿಬಿಡೋಣ."

ಆಕೆಯ ಕೈ ನಿಲ್ಲಲಿಲ್ಲ. ಒಂದು ಎಳೆಯ ಮೇಲೆ ಇನ್ನೊಂದು ಎಳೆ ಹಾಕಿ ಜಡೆ ಹೆಣೆಯುತ್ತಲೇ ಇದ್ದರು. ಸೇವಂತಿ ಮಾತ್ರ ನಡುಗಿ ತಿರುಗಿ ನೋಡಿದಳು.

 ನನಗೆ ಎಲ್ಲವೂ ಒಟ್ಟಿಗೆ ಹೊಳೆಯಿತು. ಬಿಡುವಿಲ್ಲದ ಆ ಮಾತು, ಯಾರೂ ಏನೂ ಕೇಳದಿರಲೆಂದು. ರೆಪ್ಪೆ ಬಡಿಯದ ಆ ನೋಟ, ತುಟಿ ಓದುವುದಕ್ಕೆ. ನಮ್ಮ ಕೋಣೆಯಲ್ಲಿ ಬೆನ್ನ ಹಿಂದೆ ಇದ್ದವರ ಮಾತನ್ನೂ ಕನ್ನಡಿ ಅವರಿಗೆ ತೋರಿಸಿಕೊಡುತ್ತಿತ್ತು. ಮನೆಯಲ್ಲಿ ನಾವು ಹೇಳಿಕೊಟ್ಟಂತೆ ಮುಖ ತಿರುಗಿಸಿಕೊಂಡು ಕೂರುತ್ತಿದ್ದರು, ಬಾಯಿ ಬಿಟ್ಟು ಕೇಳಲಿ ಎಂದು ಕಾಯುತ್ತ. ಬೆನ್ನ ಹಿಂದೆ ಮಗು ನೀರು ನೀರು ಎಂದು ಕೂಗುತ್ತಿತ್ತು.

ಇಂದುಮತಿ ಅವರ ಎದುರು ಕುಳಿತು, "ಯಾವಾಗಿಂದ ಕೇಳಿಸ್ತಿಲ್ಲ?" ಎಂದಳು.

ದೊಡ್ಡತಾಯಮ್ಮ ಟವೆಲ್ ಹೊದ್ದ ಕನ್ನಡಿಯನ್ನು ನೋಡಿದರು.  "ಇವಳು ಹುಟ್ಟೋಕೂ ಮುಂಚಿಂದ ಕಣವ್ವ. ಮಗನಿಗೆ ಯೋಳಬ್ಯಾಡ, ನಿನ್ ಕಾಲಿಗೆ ಬೀಳ್ತೀನಿ. ಕಿವುಡಿ ಕೈಲಿ ಕೂಸ ಬಿಟ್ಟಿದ್ನಾ ಅಂತ ಅವತ್ತೇ ಎತ್ಕೊಂಡೋಗ್ತಾನೆ."

"ಮಗು ನಿಮ್ಮನ್ನ ಕರೆದಿದೆ ದೊಡ್ಡತಾಯಮ್ಮ. ಗಂಟಲು ಹರಿಯೋ ಹಂಗೆ ಕರೆದಿದೆ. ನೀವು ನೋಡದ ಹಾಗೆ ಮಾಡಿದ್ದು ನಾನು" ಎಂದಳು ಇಂದುಮತಿ.

ಆಕೆ ಅದನ್ನು ತುಟಿಯಿಂದ ಓದಿಕೊಂಡರು. ಆಮೇಲೆ ಮಗುವನ್ನು ಎಳೆದುಕೊಂಡು ಅತ್ತರು. ಇಂದುಮತಿ ಎದ್ದು ಹೊರಗೆ ಹೋದಳು. ಸೈಕಲ್ ಶಾಪಿನ ಕಡೆ ಬೆನ್ನು ಮಾಡಿ ಅವಳೂ ಅಳುತ್ತಿದ್ದುದು ನನಗೆ ಕಂಡಿತು. ನಾನು ಟವೆಲ್ಲನ್ನು ತೆಗೆದು ಮಡಿಸಿಟ್ಟೆ.

ಅಂದಿನಿಂದ ಇಂದುಮತಿ ಸೇವಂತಿಯನ್ನು ಒಬ್ಬಳನ್ನೇ ಕೂರಿಸಿಕೊಂಡಳು. ಮಗುವಿಗೆ ಮಾತಿತ್ತು. ಅಜ್ಜಿ ದಿನವಿಡೀ ಆಡಿದ್ದನ್ನೆಲ್ಲ ಕೇಳಿಸಿಕೊಂಡೇ ಬೆಳೆದವಳು. ಅಜ್ಜಿಗೆ ಮುಟ್ಟದ ಮಾತು ಅವಳಿಗೆ ಬೇಕಿರಲಿಲ್ಲ, ಅದಕ್ಕೇ ಕೈಸನ್ನೆಯಲ್ಲೇ ಉಳಿದಿದ್ದಳು. ಕನ್ನಡಿಯೊಳಗಿನ ತನ್ನ ಬಾಯಿಗೆ ಪಿಸುಗುಟ್ಟಲು ಶುರು ಮಾಡಿದಳು. ಆದರೆ ಅಜ್ಜಿ ಒಳಗೆ ಬಂದ ಕೂಡಲೇ ಬಾಯಿ ಮುಚ್ಚಿ ಕೈ ಎತ್ತುತ್ತಿದ್ದಳು.

ಶಿವನಂಜ ಬಂದ ದಿನವೂ ಅದೇ ಆಯಿತು. ಅಪರೂಪಕ್ಕೆ ಕಾಣುವ ಅಪ್ಪನಿಗೆ ನಾಚಿ ಮಗು ಅಜ್ಜಿಯ ಸೆರಗಿನೊಳಗೆ ಸೇರಿಕೊಂಡಿತು. ಅಜ್ಜಿಯನ್ನು ಹೊರಗೆ ಕಳಿಸಲು ಇಂದುಮತಿ ನೋಡಿದಳು, ಮಗು ಬಿಡಲಿಲ್ಲ. ಏನು ಕೇಳಿದರೂ ಕೈಸನ್ನೆಯೇ. ಒಬ್ಬಳೇ ಇದ್ದಾಗ ಮಾತಾಡುತ್ತಾಳೆ ಎಂದು ಇಂದುಮತಿ ಹೇಳಿದರೂ ಅಪ್ಪನಿಗೆ ನಂಬಿಕೆ ಬರಲಿಲ್ಲ. ಶಿವನಂಜ ಒಳ್ಳೆಯ ಮನುಷ್ಯ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ದುಃಖವಿತ್ತು.

"ನೀವು ಕಷ್ಟಪಟ್ಟಿದ್ದೀರಿ ಮೇಡಮ್. ಏನ್ ಮಾಡೋದು, ಬಂದಿಲ್ಲ. ಅಲ್ಲಿ ಇವಳಂಥ ಮಕ್ಕಳೇ ಇರ್ತಾವೆ, ಕಲೀತಾಳೆ. ನಾಳೆ ಬೆಳಿಗ್ಗೆ ಬಸ್ಸಿದೆ."

ಇಂದುಮತಿ ದೊಡ್ಡತಾಯಮ್ಮನ ಕಡೆ ನೋಡಿದಳು. ಹೇಳುವುದಿಲ್ಲವೆಂದು ಮಾತು ಕೊಟ್ಟಿದ್ದಳು. ಆಕೆ ಮಗನ ತುಟಿಯನ್ನು ನೋಡುತ್ತಲೇ ಇದ್ದರು. ಸೆರಗಿನೊಳಗಿಂದ ಮಗುವನ್ನು ಹೊರಗೆ ತೆಗೆದು ಮುಂದೆ ನಿಲ್ಲಿಸಿದರು.

"ಕರ್ಕೊಂಡೋಗಂಗಿದ್ರೆ ಕರ್ಕೊಂಡೋಗು. ಮೂಗರ ಇಸ್ಕೂಲಿಗೆ ಮಾತ್ರ ಹಾಕ್ಬ್ಯಾಡ. ಮೂಗಿ ಅವಳಲ್ಲ ಕಣ್ಲಾ. ಕಿವುಡಿ ನಾನು."

ಅಷ್ಟು ಹೇಳಿ, ಸೋತವರಂತೆ ಗೋಡೆಯ ಕಡೆ ಮುಖ ಮಾಡಿಕೊಂಡರು.

ಶಿವನಂಜನಿಗೆ ಅದು ಅರ್ಥವಾಗಲು ಹೊತ್ತು ಹಿಡಿಯಿತು. "ಯಾವಾಗಿಂದವ್ವಾ?" ಎಂದ. ಆಕೆ ತಿರುಗಲಿಲ್ಲ. ಬಗ್ಗಿ, ತಾಯಿಯ ಹೆಗಲ ಹಿಂದಿನಿಂದ ಇನ್ನೂ ಜೋರಾಗಿ ಕೂಗಿದ. ಕಿವಿಯ ಹತ್ತಿರ ಬಾಯಿಟ್ಟು ಕೋಣೆ ನಡುಗುವಂತೆ ಕೂಗಿದ. "ಅವ್ವಾ! ಯಾಕ್ ಯೋಳ್ಲಿಲ್ಲ ನನಗೆ?"

"ಕೂಗ್ಬ್ಯಾಡ."

ಸಣ್ಣ ದನಿ, ಇನ್ನೂ ಕೊಂಚ ಒಡಕಾಗಿತ್ತು. ಸೇವಂತಿ ಅಪ್ಪನ ಅಂಗಿ ಹಿಡಿದು ನಿಂತಿದ್ದಳು. "ಕೂಗಿದ್ರೆ ಅಜ್ಜಿಗೆ ಕೇಳಾಕಿಲ್ಲ. ಮುಂದೆ ಕೂತ್ಕೋ."

 ಇಂದುಮತಿ ನನ್ನ ಮೊಣಕೈಯನ್ನು ಹಿಡಿದದ್ದು ನೆನಪಿದೆ, ನೋವಾಗುವಷ್ಟು ಗಟ್ಟಿಯಾಗಿ.

ಸೇವಂತಿ ಆ ಶಾಲೆಗೆ ಹೋಗಲಿಲ್ಲ. ಅಜ್ಜಿಯ ಕೇರಿಯ ಶಾಲೆಗೇ ಸೇರಿದಳು. ಶಿವನಂಜ ತಾಯಿಗೆ ಕಿವಿಯ ಮಿಷನ್ ಕೊಡಿಸಿದ, ಒಗ್ಗರಣೆ ಸಿಡಿದ ಹಾಗೆ ಸದ್ದು ಮಾಡುತ್ತದೆಂದು ಆಕೆ ಅದನ್ನು ಡಬ್ಬಿಯಲ್ಲಿಟ್ಟರು. ಇಂದುಮತಿ ತನ್ನ ಕ್ರಮ ಬದಲಿಸಿದಳು: ಮಗುವಿನ ಜೊತೆ ಯಾರೇ ಬಂದರೂ ಮೊದಲು ಅವರ ಕಿವಿ ನೋಡುತ್ತಿದ್ದಳು. ಕೆಲವರು ಅದಕ್ಕೆ ಮುನಿಸಿಕೊಂಡು ಹೋದದ್ದೂ ಉಂಟು. ಇದೆಲ್ಲ ಆಮೇಲಿನದು.

ಆ ದಿನ ಶಿವನಂಜ ಸುತ್ತಿ ಬಂದು ತಾಯಿಯ ಎದುರು ನೆಲದ ಮೇಲೆ ಕುಳಿತ. ತಲೆ ತಗ್ಗಿಸಿದ. ಸೇವಂತಿ ಅವನ ಗಡ್ಡಕ್ಕೆ ಕೈ ಹಾಕಿ ಮುಖವನ್ನು ಮೇಲಕ್ಕೆತ್ತಿದಳು. ಅಜ್ಜಿಗೆ ತುಟಿ ಕಾಣುವಂತೆ, ಅದನ್ನು ಮೆಲ್ಲಗೆ ಬಾಗಿಲ ಬೆಳಕಿನ ಕಡೆಗೆ ತಿರುಗಿಸಿ, ಅವನು ಮಾತಾಡುವ ತನಕ ಹಾಗೇ ಹಿಡಿದುಕೊಂಡಿದ್ದಳು.