ತಲೆಯಾಡಿಸುವ ಸದಸ್ಯರು

ನನ್ನ ಗಂಡ ಬಡಾವಣೆಯ ಸಮಿತಿಗೆ ಸದಸ್ಯರಾದ ದಿನ ಹಿಂಭಾಗದ ನಮ್ಮ ಓಣಿಗೆ ಓಣಿಯೇ ಉಬ್ಬಿಹೋಯಿತು. ಓಣಿಯಲ್ಲಿರುವವರೆಲ್ಲ ನಮ್ಮ ಜನ. ಅಜ್ಜಂದಿರ ಕಾಲದಲ್ಲಿ ಗುಡ್ಡದಾಚೆಯಿಂದ ಬಂದವರು. ಮನೆಯೊಳಗೆ ಇಂದಿಗೂ ಬೇರೆ ಭಾಷೆ, ಮನೆಗೊಂದು ಬ್ರೆಡ್ಡಿನ ಒಲೆ. ಮುಂದಿನ ಬೀದಿಯವರು ನಮ್ಮ ಬ್ರೆಡ್ಡು ತಿನ್ನುತ್ತಿದ್ದರೇ ಹೊರತು ನಮ್ಮನ್ನು ಯಾವ ಮಾತಿಗೂ ಕರೆದವರಲ್ಲ. ಈಗ ಕರೆದಿದ್ದರು. ನಾನು ಗಂಡನ ಶರ್ಟಿಗೆ ಎರಡೆರಡು ಸಲ ಇಸ್ತ್ರಿ ಹಾಕಿದೆ.

ಆಮೇಲೆ ಒಂದೊಂದೇ ಕಾಣೆಯಾಗತೊಡಗಿದವು. ಓಣಿಯ ಕಲ್ಲುಬೆಂಚು ಹೋಯಿತು. ನಮ್ಮ ತಿರುವಿನ ದೀಪದ ಕಂಬ ಮುಂದಿನ ಬೀದಿಗೆ ವಲಸೆ ಹೋಯಿತು. ಯಾಕೆಂದು ಕೇಳಿದರೆ ಒಂದೇ ಉತ್ತರ: "ನಿಮ್ಮೋರೇ ಒಪ್ಪಿದ್ದಾರಲ್ಲ!" ಗಂಡನನ್ನು ಕೇಳಿದರೆ "ಹೌದಾ?" ಎಂದು ಮಗ್ಗುಲು ಬದಲಾಯಿಸುತ್ತಿದ್ದರು.

ಕೊನೆಗೆ ಬಂತು ಗೇಟಿನ ವಿಷಯ. ಓಣಿಗಿರುವ ದಾರಿ ಅದೊಂದೇ. ರಾತ್ರಿ ಅದಕ್ಕೆ ಬೀಗ ಜಡಿದರೆ ಎಲ್ಲರಿಗೂ ನೆಮ್ಮದಿಯ ನಿದ್ದೆಯಂತೆ. ನಮ್ಮ ಹಿಟ್ಟಿನ ಗಾಡಿ ಬರುವುದೇ ರಾತ್ರಿ! ಗಾಡಿ ಬರದಿದ್ದರೆ ಒಲೆ ಉರಿಯುವುದಿಲ್ಲ. ಒಲೆ ಉರಿಯದಿದ್ದರೆ ಓಣಿಯವರೆಲ್ಲ ಗಂಟುಮೂಟೆ ಕಟ್ಟಬೇಕು. ಈ ಸಲದ ಸಭೆಗೆ ನಾನೂ ಗಂಡನ ಹಿಂದೆಯೇ ಹೊರಟೆ.

ಸಭೆ ಬೆಳಗ್ಗೆ, ತಿಂಡಿ ಮುಗಿದ ಹೊತ್ತಿಗೆ. ಮುಂದಿನ ಬೀದಿಯವರಿಗೆ ಅದು ಬಲು ಪ್ರಶಸ್ತ. ರಾತ್ರಿಯಿಡೀ ಹಿಟ್ಟು ನಾದಿ, ಒಲೆಯ ಮುಂದೆ ಬೆಂದು ಬಂದವರಿಗೆ? ಅಧ್ಯಕ್ಷರು ತುಂಬು ಮರ್ಯಾದೆಯಿಂದ ನನ್ನ ಗಂಡನನ್ನು ಮೊದಲ ಸಾಲಿನಲ್ಲಿ, ಫ್ಯಾನಿನ ಕೆಳಗೇ ಕೂರಿಸಿದರು. ಸ್ವಾಗತ ಭಾಷಣ ಮುಗಿಯುವ ಮೊದಲೇ ನಮ್ಮ ಯಜಮಾನರು ಇಹಲೋಕ ಮರೆತಿದ್ದರು.

"ಗೇಟಿಗೆ ಬೀಗ ಹಾಕೋಕೆ ನಿಮ್ಮ ಒಪ್ಪಿಗೆ ಇದೆ ತಾನೇ?" ಎಂದರು ಅಧ್ಯಕ್ಷರು.

ಗಂಡನ ತಲೆ ಎದೆಯವರೆಗೆ ಜಾರಿ, ಥಟ್ಟನೆ ಮೇಲೆದ್ದು, ಮತ್ತೆ ಜಾರಿತು.

"ಸಂತೋಷ. ಬರ್ಕೊಳ್ಳಿ," ಎಂದು ಅಧ್ಯಕ್ಷರು ಕಾರ್ಯದರ್ಶಿಯ ಕಡೆ ತಿರುಗಿದರು.

ನನಗೆ ಮೈಯೆಲ್ಲ ಉರಿದುಹೋಯಿತು. ಬೆಂಚು, ಕಂಬ ಎಲ್ಲ ಹೋದದ್ದು ಈ ತೂಕಡಿಕೆಯಲ್ಲೇ! ಎದ್ದು ನಿಂತೆ. "ಸಾರ್, ಇನ್ನೊಂದು ವಿಷಯ ಕೇಳಿ ಇವರನ್ನ. ನಿಮ್ಮ ಮನೆ ಕೆಡವಿ ಅಲ್ಲಿ ನಮ್ಮ ಹಿಟ್ಟಿನ ಗೋದಾಮು ಕಟ್ಟಬಹುದಾ ಅಂತ."

"ಏನಮ್ಮಾ ಇದು ತಮಾಷೆ?"

ನಾನೇ ಗಂಡನ ಕಡೆ ಬಾಗಿದೆ. "ಏನ್ರೀ, ಅಧ್ಯಕ್ಷರ ಮನೆ ಕೆಡವೋಣ್ವಾ?"

ತಲೆ ಘನಗಾಂಭೀರ್ಯದಿಂದ ಎದೆಗಿಳಿಯಿತು.

"ಒಪ್ಪಿದ್ರು ಸಾರ್. ಬರ್ಸಿ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಸಭೆಗೆ ಸಭೆಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಆ ಗದ್ದಲಕ್ಕೆ ಎಚ್ಚರಗೊಂಡ ನನ್ನ ಗಂಡ, ಬ್ರೆಡ್ಡು ಸೀದುಹೋಯಿತೇನೋ ಎಂಬಂತೆ ಗಾಬರಿಯಿಂದ ಸುತ್ತ ನೋಡಿದರು.

ಅಧ್ಯಕ್ಷರೂ ನಗು ತಡೆಯಲಾರದೆ ಕಣ್ಣೊರೆಸಿಕೊಂಡರು. "ಅಲ್ಲ ಸ್ವಾಮಿ, ಮೀಟಿಂಗಲ್ಲಾದ್ರೂ ಎಚ್ಚರ ಇರಬಾರ್ದಾ?"

"ಮೊದಲ ಮೀಟಿಂಗಲ್ಲಿ ಎಚ್ಚರ ಇದ್ದೆ," ಎಂದರು ನನ್ನ ಗಂಡ, ಯಾವ ಸಿಟ್ಟೂ ಇಲ್ಲದೆ. "ಬಹಳ ಹೊತ್ತು ಮಾತಾಡ್ದೆ. ಯಾರೂ ಏನೂ ಬರ್ಕೊಳ್ಳಲಿಲ್ಲ. ನಾನು ನಿದ್ದೆ ಮಾಡೋಕೆ ಶುರು ಮಾಡಿದ ಮೇಲೇನೇ ನೀವು ನನ್ನ ಅಭಿಪ್ರಾಯ ಬರ್ಕೊಂಡಿದ್ದು."

ನಗು ನಿಂತಿತು. ಇದನ್ನು ಅವರು ಮನೆಯಲ್ಲಿ ನನಗೂ ಹೇಳಿರಲಿಲ್ಲ. ಅಷ್ಟು ಹೆಮ್ಮೆಯಿಂದ ಕಳಿಸಿಕೊಟ್ಟವಳಿಗೆ ಯಾವ ಬಾಯಲ್ಲಿ ಹೇಳಿಯಾರು? ನನಗೆ ಅಳು ಬಂತು, ಆ ಅಷ್ಟೂ ಜನರ ಮುಂದೆಯೇ.

ಅಧ್ಯಕ್ಷರು ಕುರ್ಚಿಯನ್ನು ನನ್ನ ಗಂಡನ ಕಡೆ ಎಳೆದುಕೊಂಡರು. ಆಮೇಲೆ, "ಗೇಟಿನ ವಿಷಯ ಹೇಳಿ," ಎಂದರು.

"ಬೀಗ ಬೇಡ. ಹಿಟ್ಟಿನ ಗಾಡಿ ಬರ್ಬೇಕು. ಮಿಕ್ಕಿದ್ದಕ್ಕೆ ಸಂಜೆ ಮೀಟಿಂಗ್ ಕರೀರಿ, ನಮ್ಮೋರೆಲ್ಲ ಎದ್ದಿರ್ತಾರೆ. ಅವರೇ ಹೇಳ್ತಾರೆ."

ಕಾರ್ಯದರ್ಶಿ ಹಳೆಯ ಸಾಲನ್ನು ಹೊಡೆದುಹಾಕಿದರು. "ಸ್ವಲ್ಪ ನಿಧಾನವಾಗಿ ಇನ್ನೊಂದ್ಸಲ ಹೇಳಿ. ನಿಮ್ಮ ಮಾತಲ್ಲೇ ಬರ್ಕೊಳ್ತೀನಿ," ಎಂದರು.

ನನ್ನ ಗಂಡ ನೆಟ್ಟಗೆ ಕೂತು ಮತ್ತೊಮ್ಮೆ ಹೇಳಿದರು.