ಸಂಸ್ಥೆಯ ಹೆಸರು: ಅಡುಗೆಮನೆ

"ಒಣಗಿದ ಪಾಚಿ ಎಷ್ಟು ದಿನ ಪ್ರಾಣ ಹಿಡಿದುಕೊಂಡಿರುತ್ತೆ?"

ಬಚ್ಚಲ ಹಿಂದಿನ ಗೋಡೆಯ ಮುಂದೆ ನಿಂತು ದರ್ಜಿಯಮ್ಮ ಕೇಳಿದ್ದು ಯಾರನ್ನೂ ಅಲ್ಲ. ಆದರೂ ಒಳಗಿನಿಂದ ನಾದಿನಿ ಉತ್ತರ ಕೊಟ್ಟಳು: "ಅದನ್ನೇ ಕೇಳಿ ಅತ್ತಿಗೆ. ನಿಮಗೆ ಮನುಷ್ಯರ ಹತ್ತಿರ ಮಾತೆಲ್ಲಿ!"

ಪ್ರಶ್ನೆ ತಲೆಗೆ ಹೊಕ್ಕ ಮೇಲೆ ದರ್ಜಿಯಮ್ಮನಿಗೆ ಹೊಲಿಗೆ ಓಡಲಿಲ್ಲ. ಪಾಚಿ ಒಣಗಿಸಿ ಗುಂಡಿಯ ಡಬ್ಬಿಗಳಲ್ಲಿಟ್ಟಳು, ಇರುವೆ ನುಗ್ಗಿತು. ಮುಚ್ಚಳವಿರುವ ಗಾಜಿನ ತಟ್ಟೆಗಳೇ ಬೇಕು. ಪ್ರಯೋಗಾಲಯದ ಸಾಮಾನು ಮಾಡುವ ಒಂಬತ್ತು ಕಂಪನಿಗಳಿಗೆ ಕಾಗದ ಹಾಕಿದಳು: ಅಂಚು ಮುಕ್ಕಾಗಿ ಮಾರಲಾಗದ ತಟ್ಟೆಗಳಿದ್ದರೆ ದಾನ ಮಾಡಿ. ಎಂಟು ಕಂಪನಿಗಳು ಬಾಯಿಗೆ ಬೀಗ ಹಾಕಿಕೊಂಡವು. ಒಂಬತ್ತನೆಯದು ಒಂದು ಫಾರಂ ಕಳಿಸಿತು. 'ಸಂಸ್ಥೆಯ ಹೆಸರು' ಎಂದಿದ್ದ ಕಡೆ ಅವಳು ಇದ್ದದ್ದನ್ನೇ ಬರೆದಳು: ಅಡುಗೆಮನೆ. ಹದಿನೈದು ದಿನಕ್ಕೆ ನಲವತ್ತು ತಟ್ಟೆ ಬಂದವು.

"ನನ್ನ ಡಬ್ಬಗಳೆಲ್ಲ ನೆಲಕ್ಕೆ, ನಿಮ್ಮ ಪಾಚಿ ಸಿಂಹಾಸನಕ್ಕೆ," ಎಂದು ಗೊಣಗುತ್ತಲೇ ನಾದಿನಿ ಅಡುಗೆಮನೆಯ ಶೆಲ್ಫ್ ಬಿಟ್ಟುಕೊಟ್ಟಳು.

ವಾರಕ್ಕೊಂದು ತಟ್ಟೆಯ ಮುಚ್ಚಳ ತೆಗೆದು ನೀರು ಹನಿಸುವುದು, ಹಸಿರು ಮರಳಿತೇ ಎಂದು ಬರೆದಿಡುವುದು. ಇಪ್ಪತ್ತಾರು ವಾರ ಕಳೆದಿತ್ತು. ಹದಿನಾಲ್ಕು ತಟ್ಟೆ ಬಾಕಿ. ಆಗ ಕಂಪನಿಯವನು ಆ ಫಾರಂ ಹಿಡಿದು ಬಾಗಿಲಿಗೆ ಬಂದ.

"ಅಮ್ಮಾ, ಅಡುಗೆಮನೆ ಅಂದ್ರೆ ಯಾವುದೋ ಸಂಸ್ಥೆ ಅಂದ್ಕೊಂಡ್ರು ಆಫೀಸಲ್ಲಿ. ಮನೆಗಳಿಗೆ ಕೊಡೋ ಹಾಗಿಲ್ಲ. ಅದನ್ನ ಹೊಡೆದುಹಾಕಿ 'ಶಾಲೆ' ಅಂತ ಬರೆದು ಸಹಿ ಮಾಡಿ, ತಟ್ಟೆ ನಿಮಗೇ. ಇಲ್ಲಾಂದ್ರೆ ವಾಪಸ್ ಒಯ್ಯಬೇಕಾಗುತ್ತೆ."

ಒಯ್ದರೆ ಅರ್ಧ ವರ್ಷದ ಲೆಕ್ಕ ಮಣ್ಣುಪಾಲು. ದರ್ಜಿಯಮ್ಮ ಶೆಲ್ಫಿನ ಕಡೆ ನೋಡಿದಳು.

"ಇದು ಶಾಲೆ ಅಲ್ವಲ್ಲಪ್ಪ."

"ಒಂದೇ ಪದ ಅಮ್ಮಾ. ಯಾರು ನೋಡ್ತಾರೆ?" ಅವನು ಪೆನ್ನು ಬಿಚ್ಚಿ ಅವಳ ಕೈಗಿಟ್ಟ.

ಅವಳು ನೋಟ್‌ಬುಕ್ ತಂದು ಬಿಡಿಸಿದಳು. "ಹನ್ನೊಂದನೇ ತಟ್ಟೆ ಹಸಿರಾಗಲಿಲ್ಲ. ಆಗಲಿಲ್ಲ ಅಂತಲೇ ಬರೆದಿದ್ದೀನಿ. ಇದನ್ನೂ ಯಾರೂ ನೋಡ್ತಿರಲಿಲ್ಲ." ಪೆನ್ನಿನ ಮುಚ್ಚಳ ಹಾಕಿ ಅವನ ಕೈಗೇ ವಾಪಸ್ ಕೊಟ್ಟಳು.

ಅವನು ಅಡುಗೆಮನೆಯ ಬಾಗಿಲಲ್ಲಿದ್ದ ನಾದಿನಿಯತ್ತ ತಿರುಗಿದ. "ಹಾಗಾದ್ರೆ ಆ ತಟ್ಟೆಗಳನ್ನ ನೀವೇ ತೆಗೆದುಕೊಡಿ ಅಮ್ಮಾ. ನಿಮ್ಮ ಶೆಲ್ಫೂ ಖಾಲಿಯಾಗುತ್ತೆ."

ಆರು ತಿಂಗಳಿಂದ ನಾದಿನಿ ಬಾಯಿಬಿಟ್ಟು ಕೇಳುತ್ತಿದ್ದುದೇ ಅದನ್ನು.

ನಾದಿನಿ ಕೈಲಿದ್ದ ಸೌಟು ಕೆಳಗಿಡದೆ ಹೊಸ್ತಿಲಿಗೆ ಅಡ್ಡ ನಿಂತಳು.

"ಅತ್ತಿಗೆ ಅಡುಗೆಮನೆಗೆ ಅಂತ ಕೇಳಿದ್ರು, ಅಡುಗೆಮನೆಗೇ ಕಳಿಸಿದ್ರಿ. ಈ ಅಡುಗೆಮನೆಗೆ ಯಜಮಾನಿ ನಾನು. ಕೊಡಲ್ಲ, ಹೋಗಪ್ಪ."